ಪರೇಲಿನ ಚಾಳಿನಿಂದ ಯಂತ್ರವನ್ನು ಕಂಡ ವಿದ್ವಾಂಸ

ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ನೇಕಾರನು ದಿನಕ್ಕೆ ಎಷ್ಟೋ ಸಲ ಲಾಳಿಯನ್ನು ತುಟಿಗೆ ಒತ್ತಿಕೊಳ್ಳಬೇಕಿತ್ತು. ಲಾಳಿಯೊಳಗಿನ ಕಂಡಿಕೆ ಬರಿದಾದಾಗ ಹೊಸದನ್ನು ಕೂರಿಸಿ, ನೂಲಿನ ತುದಿಯನ್ನು ಲಾಳಿಯ ಪುಟ್ಟ ಕಣ್ಣಿನಿಂದ ಹೊರಗೆ ತರಬೇಕು; ಬಾಯಿಟ್ಟು ಹೀರುವುದೇ ಅದಕ್ಕೆ ಎಲ್ಲಕ್ಕಿಂತ ಬೇಗನೆ ಆಗುವ ಉಪಾಯ. ಯಂತ್ರಮಗ್ಗದಂತೆ ಈ ರೂಢಿಯೂ ಇಂಗ್ಲೆಂಡಿನ ಲ್ಯಾಂಕಶೈರ್‌ನದು. ಅಲ್ಲಿ ಇದರಿಂದ ರೋಗ ಹರಡೀತು ಎಂಬ ಆತಂಕ ಹುಟ್ಟಿತು. ಮುಂಬಯಿಯಲ್ಲಿ ಆತಂಕದ ಸ್ವರೂಪವೇ ಬೇರೆಯಾಯಿತು. ಒಬ್ಬನ ಎಂಜಲು ತಾಗಿದ ಲಾಳಿಗೆ ಇನ್ನೊಬ್ಬ ಬಾಯಿಡಬೇಕು. ಆ ಮೊದಲಿನವನು ಅಸ್ಪೃಶ್ಯನೆನಿಸಿಕೊಂಡ ಜಾತಿಯವನಾದರೆ? ಹೆಚ್ಚು ಕೂಲಿ ಸಿಗುತ್ತಿದ್ದ ನೇಯ್ಗೆ ಖಾತೆಯ ಬಾಗಿಲು ದಲಿತರಿಗೆ ಮುಚ್ಚಿಕೊಂಡದ್ದು ಹೀಗೆ. ಅವರಿಗೆ ಉಳಿದದ್ದು ಕಡಿಮೆ ಕೂಲಿಯ ನೂಲುವ ಖಾತೆ.

1928ರ ಏಪ್ರಿಲ್‌ನಿಂದ ಆರು ತಿಂಗಳು ಮುಂಬಯಿಯ ಗಿರಣಿಗಳು ನಿಂತವು. ಸುಮಾರು ಒಂದೂವರೆ ಲಕ್ಷ ಕಾರ್ಮಿಕರು ಹೊರಬಂದಿದ್ದರು. ಎರಡು ಮಗ್ಗ ನೋಡಿಕೊಳ್ಳುತ್ತಿದ್ದ ನೇಕಾರನಿಗೆ ಮೂರು ಮಗ್ಗ ವಹಿಸುವಂಥ ದಕ್ಷತೆಯ ಯೋಜನೆಗಳನ್ನು ಅವರು ವಿರೋಧಿಸುತ್ತಿದ್ದರು. ಆಗ ಬಾಬಾಸಾಹೇಬ್ ಅಂಬೇಡ್ಕರ್ ಮುಷ್ಕರದ ಮುಖಂಡರ ಮುಂದೆ ಒಂದು ಬೇಡಿಕೆ ಇಟ್ಟರು: ನೇಯ್ಗೆ ಖಾತೆಯಲ್ಲಿ ದಲಿತರಿಗೂ ಕೆಲಸ ಸಿಗಬೇಕು, ಮಾಲೀಕರಿಗೆ ಕೊಡುವ ಬೇಡಿಕೆಗಳ ಪಟ್ಟಿಯಲ್ಲಿ ಇದೂ ಸೇರಬೇಕು. ಮುಖಂಡರು ಮನಸ್ಸಿಲ್ಲದ ಮನಸ್ಸಿನಿಂದ ಒಪ್ಪಿದರು. ಬಾಗಿಲನ್ನು ಹಾಕಿದವರು ಮಾಲೀಕರಷ್ಟೇ ಆಗಿರಲಿಲ್ಲವಲ್ಲ, ಪಕ್ಕದ ಮಗ್ಗದ ಸಂಗಾತಿಗಳೂ ಅದರ ಹಿಂದೆ ನಿಂತಿದ್ದರು. ಮರುವರ್ಷ ಮತ್ತೊಂದು ಮುಷ್ಕರ ಹೂಡಿದಾಗ ಅಂಬೇಡ್ಕರ್ ಅದಕ್ಕೆ ಎದುರಾದರು. ಕಮ್ಯುನಿಸ್ಟ್ ಮುಖಂಡರಿಗೂ ಅವರಿಗೂ ನಡುವಿನ ಕಹಿ ಬೆಳೆದದ್ದು ಇಂಥ ಪ್ರಸಂಗಗಳಿಂದಲೇ.

ಅಂಬೇಡ್ಕರ್ ಅವರನ್ನು ಸಂವಿಧಾನದ ಶಿಲ್ಪಿಯೆಂದು, ಮೀಸಲಾತಿಯ ಹರಿಕಾರರೆಂದು, ಬೌದ್ಧ ಧಮ್ಮಕ್ಕೆ ಮರಳಿದವರೆಂದು ಕರ್ನಾಟಕ ಬಲ್ಲದು. ತಂತ್ರಜ್ಞಾನವು ಒಂದು ಸಮಾಜದ ಬದುಕನ್ನು ಏನು ಮಾಡುತ್ತದೆ ಎಂದು ಜೀವನದುದ್ದಕ್ಕೂ ಯೋಚಿಸಿದ ವಿದ್ವಾಂಸರೆಂದು ಅವರನ್ನು ಓದಿದವರು ಬಹಳ ಕಡಿಮೆ. ಯಂತ್ರದ ಹೊಸ ಅಲೆಯೊಂದು ಮನೆಮನೆಗೆ ನುಗ್ಗುತ್ತಿರುವ ಈ ಹೊತ್ತಿನಲ್ಲಿ ಹಾಗೆ ಓದದಿರುವುದು ದೊಡ್ಡ ನಷ್ಟ.

ಈ ಯೋಚನೆಗೆ ಎರಡು ಬೇರುಗಳಿವೆ: ಒಂದು ಮುಂಬಯಿಯ ಪರೇಲ್, ಇನ್ನೊಂದು ನ್ಯೂಯಾರ್ಕ್.

ಸೈನ್ಯದಿಂದ ನಿವೃತ್ತರಾದ ತಂದೆ ರಾಮಜಿಯವರು 1904ರ ಸುಮಾರಿಗೆ ಸಂಸಾರವನ್ನು ಪರೇಲಿಗೆ ಕರೆತಂದಾಗ ಅದು ಗಿರಣಿಗಳ ಊರಾಗಿತ್ತು. ಹಿಂದೊಮ್ಮೆ ಗವರ್ನರರ ಬಂಗಲೆಯಿದ್ದ ಜಾಗ. ಆ ಬಂಗಲೆಯಲ್ಲಿ 1899ರಿಂದ ವಾಲ್ಡೆಮರ್ ಹಾಫ್‌ಕಿನ್ ಅವರ ಪ್ಲೇಗ್ ಲಸಿಕೆಯ ಪ್ರಯೋಗಾಲಯ ನಡೆಯುತ್ತಿತ್ತು. ಸುತ್ತಲೂ ಚಿಮಣಿಗಳು, ರೈಲ್ವೆ ವರ್ಕ್‌ಶಾಪು, ಕಾರ್ಮಿಕರ ಚಾಳುಗಳು. ಅಂಥದೇ ಒಂದು ಚಾಳಿನ ಒಂದೇ ಕೋಣೆಯಲ್ಲಿ ಇಡೀ ಸಂಸಾರ. ಧನಂಜಯ ಕೀರ್ ಬರೆದ ಜೀವನಚರಿತ್ರೆಯಲ್ಲಿ ಆ ಕೋಣೆಯ ಚಿತ್ರವಿದೆ. ತಲೆಯ ಹತ್ತಿರ ಬೀಸುವ ಕಲ್ಲು, ಕಾಲ ಬಳಿ ಮೇಕೆ, ನಡುವೆ ಹುಡುಗ ಭೀಮ. ಎಲ್ಲರೂ ಮಲಗಿದ ಮೇಲೆ ರಾತ್ರಿ ಎರಡು ಗಂಟೆಗೆ ತಂದೆ ಅವನನ್ನು ಎಬ್ಬಿಸಿ ಓದಲು ಕೂರಿಸುತ್ತಿದ್ದರು. 1912ರಲ್ಲಿ ಮುಂಬಯಿ ಸುಧಾರಣಾ ಟ್ರಸ್ಟ್ ಕಟ್ಟಿಸಿದ ಬಿಐಟಿ ಚಾಳಿಗೆ ಮನೆ ಬದಲಾಯಿತು. ಬ್ಯಾರಿಸ್ಟರ್ ಆದ ಮೇಲೂ, ದುಂಡುಮೇಜಿನ ಪರಿಷತ್ತಿಗೆ ಹೋಗಿಬಂದ ಮೇಲೂ ಅದೇ ಚಾಳು. ದಾದರ್‌ನಲ್ಲಿ ರಾಜಗೃಹ ಕಟ್ಟಿಸಿಕೊಂಡು ಅಲ್ಲಿಗೆ ಹೋಗುವವರೆಗೆ, ವಿದೇಶದ ವರ್ಷಗಳನ್ನು ಬಿಟ್ಟರೆ, ಎರಡು ದಶಕದ ವಿಳಾಸ ಅದು. 1924ರಲ್ಲಿ ಹುಟ್ಟಿದ ಬಹಿಷ್ಕೃತ ಹಿತಕಾರಿಣಿ ಸಭಾದ ಕಚೇರಿಯೂ ಪರೇಲಿನ ದಾಮೋದರ್ ಹಾಲ್‌ನಲ್ಲೇ ಇತ್ತು.

ಹೀಗಾಗಿ ಯಂತ್ರವೆಂಬುದು ಅವರಿಗೆ ಪುಸ್ತಕದಲ್ಲಿ ಓದಿದ ವಸ್ತುವಲ್ಲ. ಬೆಳಗಿನ ಭೋಂಗಾ, ಎಂದರೆ ಗಿರಣಿಯ ಸೈರನ್, ಕೂಗಿದರೆ ಓಡುವವರು, ರಾತ್ರಿ ಹತ್ತಿಯ ಧೂಳು ಹೊತ್ತು ಮರಳುವವರು ಅವರ ನೆರೆಹೊರೆಯವರು.

1913ರಲ್ಲಿ ಬರೋಡಾದ ಮಹಾರಾಜರು ಕೊಟ್ಟ ವಿದ್ಯಾರ್ಥಿವೇತನದಲ್ಲಿ ಅವರು ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿದರು. ಅಲ್ಲಿ ಗುರುಗಳಲ್ಲಿ ಒಬ್ಬರು ಜಾನ್ ಡ್ಯೂಯಿ. ಕಾರ್ಖಾನೆ ಬಂದ ಮೇಲೆ ಅಮೆರಿಕದ ಮನೆ, ಶಾಲೆ, ಮಗುವಿನ ಕಲಿಕೆ ಹೇಗೆ ಬದಲಾದವು ಎಂಬುದನ್ನು 1899ರಷ್ಟು ಹಿಂದೆಯೇ ಪುಸ್ತಕವಾಗಿ ಬರೆದವರು ಅವರು. ಹಿಂದೆ ಬಟ್ಟೆ, ದೀಪದ ಬತ್ತಿ, ಸೋಪು ಎಲ್ಲ ಮನೆಯಲ್ಲೇ ಆಗುತ್ತಿದ್ದಾಗ ಮಕ್ಕಳು ದುಡಿಮೆಯ ನಡುವೆಯೇ ಬುದ್ಧಿ ಬೆಳೆಸಿಕೊಳ್ಳುತ್ತಿದ್ದರು, ಕಾರ್ಖಾನೆ ಅದನ್ನೆಲ್ಲ ಮನೆಯಿಂದ ಹೊರಗೆ ಒಯ್ದಿತು, ಈಗ ಶಾಲೆ ಆ ಜಾಗ ತುಂಬಬೇಕು ಎಂಬುದು ಅವರ ವಾದದ ತಿರುಳು. ಯಂತ್ರವನ್ನು ಬೈಯುವುದೂ ಇಲ್ಲ, ಅದಕ್ಕೆ ಆರತಿ ಎತ್ತುವುದೂ ಇಲ್ಲ. ಅದು ಬಂದಾಗ ಮನುಷ್ಯರ ನಡುವಿನ ವ್ಯವಹಾರ ಏನಾಯಿತು ಎಂದು ನೋಡುವುದು ಅವರ ಕ್ರಮ. ಅಂಬೇಡ್ಕರ್ ಆ ಕ್ರಮವನ್ನು ಕಲಿತರು. 1952ರ ಜೂನ್‌ನಲ್ಲಿ ಕೊಲಂಬಿಯಾ ಗೌರವ ಡಾಕ್ಟರೇಟ್ ಕೊಟ್ಟಾಗ ಅವರು ನ್ಯೂಯಾರ್ಕಿಗೆ ಹೋದರು. ಗುರುವನ್ನು ಕಾಣುವ ಆಸೆಯಿತ್ತು. ಕೆಲವೇ ದಿನ ಮುಂಚೆ, ಜೂನ್ 1ರಂದು, ಡ್ಯೂಯಿ ತೀರಿಕೊಂಡಿದ್ದರು.

ಯಂತ್ರವನ್ನು ಹೀಗೆ ಸಮಾಜದ ನಡುವೆ ಇಟ್ಟು ನೋಡುವುದು ಮುಂದೆ ಅಮೆರಿಕದಲ್ಲಿ ಒಂದು ಅಧ್ಯಯನ ಶಾಖೆಯೇ ಆಯಿತು. ಲಿಯೊ ಮಾರ್ಕ್ಸ್ ಎಂಬ ಸಾಹಿತ್ಯದ ಪ್ರಾಧ್ಯಾಪಕರು 1964ರಲ್ಲಿ ಬರೆದ ‘ದಿ ಮಷೀನ್ ಇನ್ ದಿ ಗಾರ್ಡನ್’ ಆ ಶಾಖೆಯ ಮೊದಲ ಪಠ್ಯಗಳಲ್ಲಿ ಒಂದು. ಹಸಿರು ನಾಡೆಂದು ತನ್ನನ್ನು ಕಲ್ಪಿಸಿಕೊಂಡಿದ್ದ ಅಮೆರಿಕದ ಕನಸಿನೊಳಕ್ಕೆ ಉಗಿಬಂಡಿಯ ಸಿಳ್ಳೆ ನುಗ್ಗಿದ್ದು ಹಾಥಾರ್ನ್, ಥೋರೋ ಮುಂತಾದವರ ಬರಹದಲ್ಲಿ ಹೇಗೆ ಕೇಳುತ್ತದೆ ಎಂದು ಅವರು ತೋರಿಸಿದರು. ಸಾಹಿತ್ಯ ಹೇಳಿಕೊಡುತ್ತಿದ್ದವರನ್ನು 1976ರಲ್ಲಿ ಎಂಐಟಿ, ಎಂದರೆ ಎಂಜಿನಿಯರುಗಳ ವಿಶ್ವವಿದ್ಯಾಲಯ, ಕರೆದು ಕೂರಿಸಿಕೊಂಡಿತು. 2022ರಲ್ಲಿ, ನೂರು ದಾಟಿದ ವಯಸ್ಸಿನಲ್ಲಿ, ಅವರು ತೀರಿಕೊಂಡರು. ತಂತ್ರಜ್ಞಾನ ಸುಧಾರಿಸಿದರೆ ಅದೇ ಪ್ರಗತಿಯೇ ಎಂದು ಕೊನೆಯ ದಶಕಗಳಲ್ಲಿ ಅವರು ಮತ್ತೆ ಮತ್ತೆ ಕೇಳಿದರು. ಅದೇ ಪ್ರಶ್ನೆಯನ್ನು, ಇನ್ನೂ ಗಟ್ಟಿಯಾದ ನೆಲದ ಮೇಲೆ ನಿಂತು, ಅಂಬೇಡ್ಕರ್ ಬಹಳ ಮುಂಚೆ ಎತ್ತಿದ್ದರು. ಮಾರ್ಕ್ಸ್ ಅವರ ಕಣ್ಣು ಇದ್ದದ್ದು ಕಾದಂಬರಿ ಬರೆಯುವವರ ಮೇಲೆ. ಅಂಬೇಡ್ಕರ್ ಅವರ ಕಣ್ಣು ಹಳಿ ಕಾಯುವವನ ಮೇಲಿತ್ತು.

ಇನ್ನೊಬ್ಬ ಮಾರ್ಕ್ಸ್ ಅವರ ಮಾತೂ ಇಲ್ಲಿ ಬರಬೇಕು. ಬೋರಿಬಂದರಿನಿಂದ ಠಾಣೆಗೆ ಮೊದಲ ರೈಲು ಓಡಿದ್ದು 1853ರ ಏಪ್ರಿಲ್ 16ರಂದು. ಅದೇ ವರ್ಷ ಆಗಸ್ಟ್‌ನಲ್ಲಿ ನ್ಯೂಯಾರ್ಕಿನ ಒಂದು ದಿನಪತ್ರಿಕೆಯಲ್ಲಿ ಪ್ರಕಟವಾದ ಲೇಖನದಲ್ಲಿ ಕಾರ್ಲ್ ಮಾರ್ಕ್ಸ್, ರೈಲಿನಿಂದ ಹುಟ್ಟುವ ಆಧುನಿಕ ಉದ್ಯಮವು ಜಾತಿಗೆ ಆಧಾರವಾದ ಕುಲಕಸುಬಿನ ವಿಭಜನೆಯನ್ನು ಕರಗಿಸಿಬಿಡುತ್ತದೆ ಎಂದು ಭವಿಷ್ಯ ನುಡಿದರು. 85 ವರ್ಷ ಕಳೆದ ಮೇಲೆ, 1938ರ ಫೆಬ್ರವರಿಯಲ್ಲಿ, ಮನ್ಮಾಡಿನಲ್ಲಿ ರೈಲ್ವೆಯ ದಲಿತ ನೌಕರರ ಸಮ್ಮೇಳನ ನಡೆಯಿತು. ಅಲ್ಲಿ ಅಂಬೇಡ್ಕರ್ ಆ ಭವಿಷ್ಯವಾಣಿಯ ಲೆಕ್ಕ ಒಪ್ಪಿಸಿದರೆನ್ನಬಹುದು. ದಲಿತ ಗ್ಯಾಂಗ್‌ಮನ್ ಜೀವನಪೂರ್ತಿ ಗ್ಯಾಂಗ್‌ಮನ್ ಆಗಿಯೇ ಉಳಿಯುತ್ತಾನೆ. ಪೋರ್ಟರ್ ಕೂಡ ಆಗಲಾರ, ಏಕೆಂದರೆ ಸ್ಟೇಷನ್ ಮಾಸ್ತರರು ಪೋರ್ಟರನಿಂದ ಮನೆಗೆಲಸ ಮಾಡಿಸಿಕೊಳ್ಳುತ್ತಾರೆ, ದಲಿತನಾದವನನ್ನು ಅವರು ಮನೆಯೊಳಗೆ ಬಿಟ್ಟುಕೊಳ್ಳುವುದಿಲ್ಲ. ವರ್ಕ್‌ಶಾಪಿನಲ್ಲೂ ಮೇಲಿನ ಕೆಲಸಗಳು ಅವನಿಗೆ ದೂರ. ಕಬ್ಬಿಣದ ಹಳಿ ದೇಶ ಪೂರ್ತಿ ಹರಡಿತು, ಅದರ ಜೊತೆಗೆ ಜಾತಿಯೂ ಟಿಕೆಟ್ಟಿಲ್ಲದೆ ಪ್ರಯಾಣ ಮಾಡಿತು.

ಲಾಳಿಯದೂ ಇದೇ ಪಾಠ, ರೈಲಿನದೂ ಇದೇ. ಯಂತ್ರ ತಾನಾಗಿಯೇ ಯಾರನ್ನೂ ಬಿಡುಗಡೆ ಮಾಡುವುದಿಲ್ಲ. ಇಷ್ಟನ್ನು ಕಂಡವರು ಯಂತ್ರದ ವಿರೋಧಿಯಾಗಬೇಕಿತ್ತು ಎಂದು ಯಾರಿಗಾದರೂ ಅನಿಸಬಹುದು. ಅಂಬೇಡ್ಕರ್ ಹಾಗಾಗಲಿಲ್ಲ, ಅವರ ವಿಚಾರ ಎಲ್ಲಕ್ಕಿಂತ ಹೆಚ್ಚು ಫಲವತ್ತಾಗುವುದು ಈ ತಿರುವಿನಲ್ಲೇ.

1918ರಲ್ಲೇ, ಭಾರತದ ತುಂಡು ಹಿಡುವಳಿಗಳ ಬಗ್ಗೆ ಬರೆದ ಪ್ರಬಂಧದಲ್ಲಿ, ಕೃಷಿಯ ರೋಗಕ್ಕೆ ಮದ್ದು ಕೈಗಾರಿಕೆಯಲ್ಲಿದೆ ಎಂದು ಅವರು ವಾದಿಸಿದ್ದರು. ಭೂಮಿಯ ಮೇಲೆ ಬಿದ್ದಿರುವ ಹೆಚ್ಚುವರಿ ಜನರ ಭಾರ ಇಳಿಯದೆ ಹಿಡುವಳಿ ಒಗ್ಗೂಡಿಸಿ ಪ್ರಯೋಜನವಿಲ್ಲ ಎಂಬುದು ಅವರ ನಿಲುವು. 1936ರಲ್ಲಿ ಪ್ರಕಟಿಸಿದ ‘ಜಾತಿ ವಿನಾಶ’ದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಉದ್ಯಮವೆಂಬುದು ನಿಂತ ನೀರಲ್ಲ, ತಂತ್ರ ಬದಲಾದಂತೆ ಕೆಲಸಗಳೂ ಬದಲಾಗುತ್ತವೆ. ಹಾಗೆ ಬದಲಾದಾಗ ಮನುಷ್ಯನಿಗೆ ಕಸುಬು ಬದಲಿಸುವ ಸ್ವಾತಂತ್ರ್ಯ ಇರಬೇಕು. ಜಾತಿ ಅದನ್ನು ಕೊಡದ ಕಾರಣ ನಿರುದ್ಯೋಗ ಹುಟ್ಟುತ್ತದೆ. ಎಐ ಬಂದು ಕೆಲಸಗಳು ಹೋಗುತ್ತವೆ, ಎಲ್ಲರೂ ಹೊಸ ಕೌಶಲ ಕಲಿಯಬೇಕು ಎಂದು ದಿನಬೆಳಗಾದರೆ ಭಾಷಣ ಮಾಡುವವರು ಈ ಪುಟಗಳನ್ನು ಓದಬೇಕು. ಯಾರಿಗೆ ಯಾವ ಕೌಶಲ ಕಲಿಯುವ ಹಾದಿ ತೆರೆದಿದೆ, ಯಾರಿಗೆ ಮುಚ್ಚಿದೆ ಎಂಬ ಪ್ರಶ್ನೆ ಆ ಭಾಷಣಗಳಲ್ಲಿ ಕೇಳಿಸುವುದೇ ಇಲ್ಲ.

ಯಂತ್ರದ ಕುರಿತ ದೊಡ್ಡ ವಾದ ನಡೆದದ್ದು ಗಾಂಧೀಜಿಯ ವಿಚಾರಗಳ ಜೊತೆ. 1909ರ ‘ಹಿಂದ್ ಸ್ವರಾಜ್’ನಲ್ಲಿ ಗಾಂಧೀಜಿ ಮುಂಬಯಿಯ ಗಿರಣಿ ಕಾರ್ಮಿಕರನ್ನೇ ಉದಾಹರಿಸಿದ್ದರು. ಅವರು ಗುಲಾಮರಾಗಿದ್ದಾರೆ, ಹೆಂಗಸರ ಸ್ಥಿತಿ ಎದೆ ನಡುಗಿಸುವಂತಿದೆ ಎಂಬುದು ಅವರ ನೋವು. ಆ ನೋವು ನಿಜವಾದದ್ದು. 1890ರ ದಶಕದಿಂದ ಗಿರಣಿಗಳಿಗೆ ವಿದ್ಯುದ್ದೀಪ ಬರತೊಡಗಿದ ಮೇಲೆ ಏನಾಯಿತೆಂದರೆ, ಅದುವರೆಗೆ ಸೂರ್ಯ ಮುಳುಗಿದರೆ ಮುಗಿಯುತ್ತಿದ್ದ ದುಡಿಮೆ ರಾತ್ರಿಗೂ ಚಾಚಿತು. 1905ರ ಹೊತ್ತಿಗೆ ಕೆಲವು ಗಿರಣಿಗಳಲ್ಲಿ ದಿನಕ್ಕೆ 14 ಗಂಟೆಗೂ ಮೀರಿ ಕೆಲಸ. ಮರುವರ್ಷ ಜನವರಿಯಲ್ಲಿ ಸರ್ಕಾರ ದೇಶಕ್ಕೆಲ್ಲ ಒಂದೇ ಗಡಿಯಾರದ ಸಮಯ ತಂದಾಗ, ಮುಂಬಯಿಯ ಸ್ಥಳೀಯ ಸಮಯಕ್ಕಿಂತ ಅದು 39 ನಿಮಿಷ ಮುಂದಿತ್ತು. ಬೆಳಗ್ಗೆ ಇನ್ನೂ ಬೇಗ ಗೇಟಿನಲ್ಲಿರಬೇಕು ಎಂದರ್ಥ. ಜೇಕಬ್ ಸಸೂನ್ ಗಿರಣಿಯ ಕಾರ್ಮಿಕರು ಅದರ ವಿರುದ್ಧ ಪ್ರತಿಭಟಿಸಿದರು. ಗಂಡಾಳುಗಳ ದುಡಿಮೆಗೆ 12 ಗಂಟೆಯ ಮಿತಿ ಹಾಕಿದ ಕಾನೂನು ಬಂದದ್ದು 1911ರಲ್ಲಿ.

1945ರಲ್ಲಿ ಕಾಂಗ್ರೆಸ್ ಮತ್ತು ಗಾಂಧಿಯವರು ಅಸ್ಪೃಶ್ಯರಿಗೆ ಮಾಡಿದ್ದೇನು ಎಂಬ ಪುಸ್ತಕದಲ್ಲಿ ಅಂಬೇಡ್ಕರ್ ಗಾಂಧಿವಾದಕ್ಕೇ ಒಂದು ಅಧ್ಯಾಯ ಮೀಸಲಿಟ್ಟರು. ಯಂತ್ರ ನಾಗರಿಕತೆ ಕೆಡುಕುಗಳನ್ನು ತಂದಿದೆ ಎಂಬುದನ್ನು ಅವರು ಅಲ್ಲಗಳೆಯುವುದಿಲ್ಲ. ಆದರೆ ತಪ್ಪು ಯಂತ್ರದ್ದಲ್ಲ ಎನ್ನುತ್ತಾರೆ. ಅದರ ಲಾಭವನ್ನು ಕೆಲವರೇ ಬಾಚಿಕೊಳ್ಳಲು ಬಿಟ್ಟ ಸಮಾಜರಚನೆಯದು ತಪ್ಪು, ಬದಲಾಯಿಸಬೇಕಾದದ್ದು ಅದನ್ನು. ಇಷ್ಟು ಹೇಳಿ ನಿಲ್ಲಿಸಿದ್ದರೆ ಅದು ಸಾಮಾನ್ಯ ಸಮಾಜವಾದಿ ವಾದವಾಗುತ್ತಿತ್ತು. ಅವರು ಮುಂದೆ ಹೋಗಿ ಮನುಷ್ಯನಿಗೂ ಪ್ರಾಣಿಗೂ ಇರುವ ವ್ಯತ್ಯಾಸವೇನು ಎಂದು ಕೇಳುತ್ತಾರೆ. ಸಂಸ್ಕೃತಿ ಎಂಬುದು ಅವರ ಉತ್ತರ. ಸಂಸ್ಕೃತಿ ಬೆಳೆಯಲು ಬಿಡುವು ಬೇಕು. ಹೊಟ್ಟೆಪಾಡಿಗಾಗಿ ಕತ್ತೆಯಂತೆ ದುಡಿಯುವವನಿಗೆ ಬಿಡುವು ಎಲ್ಲಿಂದ ಬರಬೇಕು? ದುಡಿಮೆಯ ಹೊರೆಯನ್ನು ಇಳಿಸಬಲ್ಲದ್ದು ಯಂತ್ರ ಮಾತ್ರ. ಇದುವರೆಗೆ ಬಿಡುವು ಕೆಲವರಿಗಷ್ಟೇ ಸಿಕ್ಕಿತು, ಅವರ ಬಿಡುವಿಗಾಗಿ ಉಳಿದವರು ಹೆಣಗಿದರು. ಎಲ್ಲರಿಗೂ ಸಿಗಬೇಕಾದರೆ ಯಂತ್ರವನ್ನು ಬಿಟ್ಟು ಬೇರೆ ದಾರಿಯಿಲ್ಲ.

ರಾತ್ರಿ ಎರಡಕ್ಕೆ ಎದ್ದು ಓದಿದವರಿಗಷ್ಟೇ ಬಿಡುವಿನ ಬೆಲೆ ಇಷ್ಟು ಚೆನ್ನಾಗಿ ಗೊತ್ತಿರಲು ಸಾಧ್ಯ.

ಈ ವಿದ್ವಾಂಸರಿಗೆ ತಮ್ಮ ವಿಚಾರವನ್ನು ಆಡಳಿತದಲ್ಲಿ ಪರೀಕ್ಷಿಸುವ ಅವಕಾಶವೂ ಸಿಕ್ಕಿತು. ಆ ಶಾಖೆಯ ಮೊದಲ ಪಠ್ಯಗಳಲ್ಲೊಂದನ್ನು ಬರೆದ ಅಮೆರಿಕದ ಪ್ರಾಧ್ಯಾಪಕರಿಗೆ ಅಂಥದು ಸಿಕ್ಕಿರಲಿಲ್ಲ. 1942ರಿಂದ 1946ರವರೆಗೆ ಅವರು ವೈಸರಾಯ್ ಕಾರ್ಯಕಾರಿ ಮಂಡಳಿಯ ಕಾರ್ಮಿಕ ಸದಸ್ಯರು. ವಿದ್ಯುತ್ತು, ನೀರಾವರಿ ಕೂಡ ಅದೇ ಖಾತೆಯಲ್ಲಿದ್ದವು. ಕೇಂದ್ರ ತಾಂತ್ರಿಕ ವಿದ್ಯುತ್ ಮಂಡಳಿ, ಜಲಮಾರ್ಗ ಮತ್ತು ನೀರಾವರಿಯ ಕೇಂದ್ರ ಆಯೋಗ ಆ ಕಾಲದಲ್ಲಿ ರೂಪುಗೊಂಡವು. ದಾಮೋದರ ಕಣಿವೆ ಯೋಜನೆಗೆ ಅಮೆರಿಕದ ಟೆನೆಸಿ ಕಣಿವೆ ಪ್ರಾಧಿಕಾರ ಮಾದರಿಯಾಯಿತು, ಅಲ್ಲಿನ ಎಂಜಿನಿಯರೊಬ್ಬರನ್ನು ಕರೆಸಿಕೊಳ್ಳಲಾಯಿತು. ವಿದ್ಯುತ್ತಿನ ಜೊತೆಯಲ್ಲೇ ಇನ್ನೊಂದು ಕೆಲಸವೂ ನಡೆದದ್ದು ಗಮನಿಸಬೇಕಾದ್ದು. ಕಾರ್ಖಾನೆ ಕಾಯ್ದೆಗೆ 1946ರ ತಿದ್ದುಪಡಿ ಬಂದು ವಾರದ ದುಡಿಮೆ 54 ಗಂಟೆಯಿಂದ 48ಕ್ಕೆ ಇಳಿಯಿತು. ಒಂದು ಕೈಯಲ್ಲಿ ಅಣೆಕಟ್ಟು, ಇನ್ನೊಂದರಲ್ಲಿ ಎಂಟು ಗಂಟೆಯ ದಿನ. 1945ರ ಆ ಅಧ್ಯಾಯವನ್ನು ಓದಿದವರಿಗೆ ಇವೆರಡೂ ಒಂದೇ ಯೋಜನೆಯ ಭಾಗಗಳೆಂದು ತಿಳಿಯುತ್ತದೆ.

ಈ ನಿಲುವಿಗೆ ಅತ್ಯಂತ ಗಂಭೀರವಾದ ಆಕ್ಷೇಪ ಕನ್ನಡದಿಂದಲೇ ಬಂತು. ಡಿ.ಆರ್. ನಾಗರಾಜ್ ದೊಡ್ಡಬಳ್ಳಾಪುರದ ನೇಕಾರ ಕುಟುಂಬದವರು. 1993ರಲ್ಲಿ ಬಂದ ಅವರ ‘ದಿ ಫ್ಲೇಮಿಂಗ್ ಫೀಟ್’ ಗಾಂಧಿ–ಅಂಬೇಡ್ಕರ್ ಮುಖಾಮುಖಿಯನ್ನು ಹೊಸದಾಗಿ ಕಂಡ ಪುಸ್ತಕ. ದಲಿತರೂ ಕೆಳಜಾತಿಗಳೂ ಬರೀ ಅವಮಾನಿತರಲ್ಲ, ಅವರು ತಂತ್ರಜ್ಞಾನದ ವಾರಸುದಾರರು ಕೂಡ. ಆಧುನಿಕ ಯಂತ್ರ ಬಂದಾಗ ಆ ಕೌಶಲ, ಅದರ ಸುತ್ತ ಬೆಳೆದ ನೆನಪು, ದೈವ, ಕಥನ ಎಲ್ಲವೂ ನಾಶವಾದವು. ಆಧುನಿಕತೆಯನ್ನು ಪೂರ್ತಿ ನಂಬಿದ ದಲಿತ ಚಳವಳಿ ಈ ನಷ್ಟವನ್ನು ಎಣಿಸಲಿಲ್ಲ ಎಂಬ ಧಾಟಿಯಲ್ಲಿ ನಾಗರಾಜ್ ಯೋಚಿಸಿದರು. ಶಿಕಾಗೊ ವಿಶ್ವವಿದ್ಯಾಲಯ ಅವರನ್ನು ಪಾಠಕ್ಕೆ ಕರೆಸಿಕೊಂಡಿತ್ತು. 1998ರಲ್ಲಿ, ನಲವತ್ತನಾಲ್ಕರ ಆಸುಪಾಸಿನಲ್ಲೇ, ಅವರು ಹೋಗಿಬಿಟ್ಟರು. ಆ ಕೆಲಸ ಮುಂದುವರಿದಿದ್ದರೆ ತಂತ್ರಜ್ಞಾನ ಮತ್ತು ಸಂಸ್ಕೃತಿಯ ಅಧ್ಯಯನಕ್ಕೆ ಕನ್ನಡವೇ ಒಂದು ಕೇಂದ್ರವಾಗುತ್ತಿತ್ತೇನೋ.

ನಾಗರಾಜ್ ಹೇಳಿದ ನಷ್ಟ ನಿಜ. ಚರ್ಮ ಹದ ಮಾಡುವುದಕ್ಕೆ, ತಮಟೆ ಬಿಗಿಯುವುದಕ್ಕೆ, ಬಣ್ಣ ಅದ್ದುವುದಕ್ಕೆ ಬೇಕಾದ ಅರಿವನ್ನು ಅರಿವೆಂದೇ ಒಪ್ಪದ ವಿದ್ಯಾವಂತ ಸಮಾಜ ನಮ್ಮದು. ಆದರೂ ಇಬ್ಬರನ್ನೂ ಎದುರುಬದುರು ಇಟ್ಟರೆ ಅಂಬೇಡ್ಕರ್ ಪಟ್ಟು ಸಡಿಲುವುದಿಲ್ಲ. ಕಸುಬು ಎಷ್ಟೇ ಚೆಲುವಾಗಿರಲಿ, ಅದನ್ನು ಬಿಟ್ಟುಹೋಗುವ ಹಕ್ಕು ಇಲ್ಲದವನಿಗೆ ಅದು ಸೆರೆಮನೆ. ಹದ ಮಾಡುವವರ ಮನೆಯ ಹುಡುಗಿ ಎಂಜಿನಿಯರ್ ಆಗುವ ದಾರಿ ತೆರೆದ ಮೇಲಷ್ಟೇ ಅಜ್ಜನ ಕೌಶಲವನ್ನು ಗೌರವದಿಂದ ನೆನೆಯುವ ಮಾತು ಅವಳಿಗೆ ಅರ್ಥಪೂರ್ಣವಾಗುತ್ತದೆ.

ಮುಂಬಯಿಯ ಕನ್ನಡ ಲೇಖಕರು ಈ ವಸ್ತುವನ್ನು ಕಾದಂಬರಿಯಲ್ಲಿ ಮುಟ್ಟಿದ್ದಾರೆ. ಪಾಲಿಮರ್ ತಂತ್ರಜ್ಞರಾಗಿದ್ದ ಯಶವಂತ ಚಿತ್ತಾಲರ ‘ಶಿಕಾರಿ’ (1979) ರಾಸಾಯನಿಕ ಕಂಪನಿಯೊಳಗೆ ಮನುಷ್ಯ ಬೇಟೆಯಾಗುವ ಕಥೆ. ವ್ಯಾಸರಾಯ ಬಲ್ಲಾಳರ ‘ಬಂಡಾಯ’ ಮುಂಬಯಿಯ ಕಾರ್ಮಿಕ ಹೋರಾಟವನ್ನು ವಸ್ತುವಾಗಿಸಿಕೊಂಡು ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ವಿದ್ವತ್ತು ಮಾತ್ರ ಹಿಂದುಳಿಯಿತು. ನಮ್ಮ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಯಂತ್ರದ ಸಮಾಜಶಾಸ್ತ್ರಕ್ಕೆ ಜಾಗವಿಲ್ಲ, ಕನ್ನಡ ವಿಭಾಗಗಳಲ್ಲಿ ಯಂತ್ರಕ್ಕೇ ಜಾಗವಿಲ್ಲ. ಬೆಂಗಳೂರಿನಂಥ ನಗರವನ್ನು ಇಟ್ಟುಕೊಂಡ ರಾಜ್ಯದಲ್ಲಿ ಇದು ಅಕ್ಷಮ್ಯ. 1945ರ ಆ ಅಧ್ಯಾಯವನ್ನು ಮೊದಲ ವರ್ಷದ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಕನ್ನಡದಲ್ಲೇ ಪಠ್ಯವಾಗಿಡಲು ದೊಡ್ಡ ಹಣವೇನೂ ಬೇಕಾಗಿಲ್ಲ.

ಅದರ ತುರ್ತು ಎಷ್ಟೆಂಬುದಕ್ಕೆ ಇತ್ತೀಚಿನ ವರ್ಷಗಳೇ ಸಾಕ್ಷಿ. 2023ರಲ್ಲಿ ಕರ್ನಾಟಕ, ವಾರದ 48 ಗಂಟೆಯ ಮಿತಿಯೊಳಗೆ, ಕಾರ್ಖಾನೆಗಳಲ್ಲಿ ದಿನಕ್ಕೆ 12 ಗಂಟೆ ದುಡಿಸಲು ಅವಕಾಶ ಕೊಡುವ ತಿದ್ದುಪಡಿ ತಂದಿತು. 2024ರ ಜುಲೈನಲ್ಲಿ ಐಟಿ ನೌಕರರ ದುಡಿಮೆಯನ್ನು ದಿನಕ್ಕೆ 14 ಗಂಟೆಯವರೆಗೆ ವಿಸ್ತರಿಸುವ ಪ್ರಸ್ತಾವ ಕೇಳಿಬಂತು, ನೌಕರರ ಸಂಘ ಬೀದಿಗಿಳಿಯಿತು. ವಿದ್ಯುದ್ದೀಪ ಬಂದ ಕಾಲದ ಮುಂಬಯಿ ಗಿರಣಿಯಲ್ಲಿದ್ದದ್ದೂ ಅದೇ 14 ಗಂಟೆ. ಲೆಕ್ಕ ಮಾಡುವ, ಬರೆಯುವ, ಚಿತ್ರ ಬಿಡಿಸುವ ಯಂತ್ರಗಳು ಬಂದ ಮೇಲೂ ಮನುಷ್ಯನ ದಿನ ಚಿಕ್ಕದಾಗುವ ಬದಲು ಉದ್ದವಾಗುತ್ತಿದ್ದರೆ, ಉಳಿದ ಬಿಡುವನ್ನು ಯಾರೋ ಒಯ್ಯುತ್ತಿದ್ದಾರೆಂದೇ ತಿಳಿಯಬೇಕು. 2025ರಲ್ಲಿ ಇದೇ ರಾಜ್ಯ ಗಿಗ್ ಕಾರ್ಮಿಕರಿಗಾಗಿ ಕಾನೂನು ತಂದದ್ದು ಒಳ್ಳೆಯ ಹೆಜ್ಜೆ. ಊಟ ತಲುಪಿಸುವವನ ಕೂಲಿ, ಸರದಿ, ಶಿಕ್ಷೆಗಳನ್ನು ನಿರ್ಧರಿಸುವ ಗಣಕದ ಸೂತ್ರವನ್ನು ಅವನಿಗೆ ತಿಳಿಸಬೇಕೆಂಬ ಮಾತು ಅದರಲ್ಲಿದೆ. ಆ ಮಾತು ಬೀದಿಯಲ್ಲಿ ಎಷ್ಟರ ಮಟ್ಟಿಗೆ ನಡೆಯುತ್ತದೆ, ಯಾವ ಜಾತಿಯ, ಯಾವ ಊರಿನ ಹುಡುಗರು ಬೈಕ್ ಏರುತ್ತಿದ್ದಾರೆ, ಅಪಾರ್ಟ್‌ಮೆಂಟಿನ ಯಾವ ಲಿಫ್ಟು ಅವರಿಗೆ ನಿಷಿದ್ಧವಾಗಿದೆ ಎಂಬುದನ್ನು ಯಾರಾದರೂ ಕೂತು ಬರೆದಿಡಬೇಕು.

ಅದು ಈಗಲೇ ಆಗಬೇಕು; ತಡವಾದರೆ ಏನಾಗುತ್ತದೆ ಎಂಬುದನ್ನು ಮುಂಬಯಿ ತೋರಿಸಿದೆ. ಮುಂಬಯಿಯಲ್ಲಿ 1982ರ ಜನವರಿ 18ರಂದು ದತ್ತಾ ಸಾಮಂತರ ನೇತೃತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಮುಷ್ಕರ ಹೂಡಿದರು. ಅದನ್ನು ಅಧಿಕೃತವಾಗಿ ಹಿಂತೆಗೆದುಕೊಂಡದ್ದೇ ಇಲ್ಲ. ಗಿರಣಿಗಳು ಒಂದೊಂದಾಗಿ ಮುಚ್ಚಿದವು, 1991 ಮತ್ತು 2001ರ ನಗರಾಭಿವೃದ್ಧಿ ನಿಯಮಗಳ ನೆರಳಿನಲ್ಲಿ ಆ ಜಮೀನು ಮಾಲ್‌ಗಳಾಗಿ, ಗಾಜಿನ ಕಚೇರಿಗಳಾಗಿ ಬದಲಾಯಿತು. ರಾಜನಾರಾಯಣ ಚಂದಾವರ್ಕರ್ ಅವರ ಗಿರಣಿ ಕಾರ್ಮಿಕರ ಇತಿಹಾಸ ಪ್ರಕಟವಾದದ್ದು 1994ರಲ್ಲಿ. ನೀರಾ ಅಡಾರ್ಕರ್ ಮತ್ತು ಮೀನಾ ಮೆನನ್ ಪರೇಲ್, ಲಾಲ್‌ಬಾಗ್‌ನ ಕಾರ್ಮಿಕರ ಬಾಯಿಂದಲೇ ಕೇಳಿ ಬರೆದ ಮೌಖಿಕ ಇತಿಹಾಸ 2004ರಲ್ಲಿ ಬಂತು. ಆ ಹೊತ್ತಿಗೆ ಬಹುಪಾಲು ಚಿಮಣಿಗಳು ಹೊಗೆ ಬಿಡುವುದನ್ನು ನಿಲ್ಲಿಸಿ ವರ್ಷಗಳೇ ಆಗಿದ್ದವು.